ಪರದೇಶದಲ್ಲಿ ಬಾಡಿಗೆ ಕಾರು, ಜೊತೆಗೆ ಕೂಸು: ಚೈಲ್ಡ್ ಸೀಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಮಗನ ಮನೆಗೆ, ಮಗಳ ಬಾಣಂತನಕ್ಕೆ, ಇಲ್ಲವೇ ರಜೆಗೆಂದು ದುಬೈ, ಲಂಡನ್, ಫ್ರಾಂಕ್‌ಫರ್ಟ್, ಡಲ್ಲಾಸ್, ಸಿಡ್ನಿಗೆ ಹೊರಡುವ ಕುಟುಂಬಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಕಾನೂನುಗಳು ಆಗಾಗ ತಿದ್ದುಪಡಿ ಆಗುವುದರಿಂದ ಟಿಕೆಟ್ ಕಾಯಂ ಆದ ಮೇಲೆ ಆ ದೇಶದ ಸಾರಿಗೆ ಇಲಾಖೆಯ ಪುಟವನ್ನು ಒಮ್ಮೆ ನೋಡಿಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ಕೂಸಿನ್ನ ತೊಡಿ ಮ್ಯಾಲ ಕುಂಡ್ರಿಸ್ಕೊಂಡು ಗಟ್ಟಿ ಹಿಡ್ಕೊಂಡ್ರ ಸಾಲಂಗಿಲ್ಲೇನ್ರಿ?

ಸಾಲುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರ್ ಒಳಗೆ ನಿಂತರೆ, ಒಳಗಿದ್ದವರ ಮೇಲೆ ಅವರ ತೂಕದ ಸುಮಾರು ಇಪ್ಪತ್ತು ಪಟ್ಟು ಬಲ ಬೀಳುತ್ತದೆ. 10 ಕೆ.ಜಿ.ಯ ಕೂಸು ಆ ಕ್ಷಣದಲ್ಲಿ ಎರಡು ಕ್ವಿಂಟಲ್ ಜೋಳದ ಚೀಲದಷ್ಟು ಭಾರವಾಗಿ ಮುಂದಕ್ಕೆ ಎಳೆಯುತ್ತದೆ. ಅದನ್ನು ಯಾರ ತೋಳೂ ತಡೆಯಲಾರದು. ತಾಯಿ ಬೆಲ್ಟ್ ಹಾಕಿರದಿದ್ದರೆ ಅವಳ ಮೈಭಾರವೂ ಕೂಸಿನ ಮೇಲೆಯೇ ಬೀಳುತ್ತದೆ. ತಾಯಿಯದೂ ಕೂಸಿನದೂ ಸೇರಿಸಿ ಒಂದೇ ಬೆಲ್ಟ್ ಹಾಕುವುದು ಇನ್ನೂ ಕೆಟ್ಟದ್ದು: ಬೆಲ್ಟ್ ಮತ್ತು ತಾಯಿಯ ಮೈ ನಡುವೆ ಕೂಸು ಜಜ್ಜಿಹೋಗುತ್ತದೆ.

ನಮ್ಮ ಹುಡುಗಗ ಏಳು ತುಂಬ್ಯಾವ. ಎಷ್ಟು ವರ್ಷದ ತನಕ ಸೀಟು ಬೇಕಾಗತೈತಿ?

ದೇಶಕ್ಕೊಂದು ಲೆಕ್ಕ. ಬ್ರಿಟನ್‌ನಲ್ಲಿ 12 ವರ್ಷ ಅಥವಾ 135 ಸೆಂ.ಮೀ. ಎತ್ತರ, ಯಾವುದು ಮೊದಲು ಬರುತ್ತದೋ ಅಲ್ಲಿಯವರೆಗೆ. ಜರ್ಮನಿಯಲ್ಲಿ 12 ವರ್ಷ ಅಥವಾ 150 ಸೆಂ.ಮೀ. ಫ್ರಾನ್ಸ್‌ನಲ್ಲಿ 10 ವರ್ಷ. ಸಿಂಗಾಪುರದಲ್ಲಿ 1.35 ಮೀಟರ್. ಆಸ್ಟ್ರೇಲಿಯಾದಲ್ಲಿ 6 ತಿಂಗಳವರೆಗೆ ಹಿಂಮುಖ ಸೀಟು, 4 ವರ್ಷದವರೆಗೆ ಹಾರ್ನೆಸ್ (ಮಗುವಿನ ಮೈಗೆ ಬಿಗಿಯುವ ಸೀಟಿನದೇ ಪಟ್ಟಿಗಳು) ಇರುವ ಸೀಟು, 7 ವರ್ಷದವರೆಗೆ ಹಾರ್ನೆಸ್ ಇಲ್ಲವೇ ಬೂಸ್ಟರ್ (ಮಗುವನ್ನು ಎತ್ತರಿಸಿ ಕೂರಿಸುವ ಸೀಟು). ಯುಎಇಯಲ್ಲಿ 4 ವರ್ಷದೊಳಗಿನ ಮಗುವಿಗೆ ಸೀಟು ಕಡ್ಡಾಯ. 10 ವರ್ಷದೊಳಗಿನವರು, 145 ಸೆಂ.ಮೀ.ಗಿಂತ ಗಿಡ್ಡ ಇರುವವರು ಮುಂದೆ ಕೂರುವಂತಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು: ಕ್ಯಾಲಿಫೋರ್ನಿಯಾದಲ್ಲಿ 2 ವರ್ಷದೊಳಗಿನ ಮಗು ಹಿಂಮುಖವಾಗಿಯೇ ಕೂರಬೇಕು (40 ಪೌಂಡ್ ತೂಕ ಅಥವಾ 40 ಇಂಚು ಎತ್ತರ ಮುಟ್ಟಿದ್ದರೆ ವಿನಾಯಿತಿ), 8 ವರ್ಷ ಅಥವಾ 4 ಅಡಿ 9 ಇಂಚು ಆಗುವವರೆಗೆ ಸೀಟು ಇಲ್ಲವೇ ಬೂಸ್ಟರ್ ಬೇಕು.

ನಿಮ್ಮ ಹುಡುಗನಿಗೆ ಏಳಾಗಿದ್ದರೂ ಎತ್ತರ 120 ಸೆಂ.ಮೀ. ಇದ್ದರೆ ಬೂಸ್ಟರ್ ಬೇಕೇ ಬೇಕು. ದೊಡ್ಡವರ ಬೆಲ್ಟ್ ಅವನ ಕುತ್ತಿಗೆ, ಹೊಟ್ಟೆಯ ಮೇಲೆ ಹಾಯುತ್ತದೆ. ಕಾನೂನು ಏನೇ ಹೇಳಲಿ, ಸುಮಾರು 145 ಸೆಂ.ಮೀ. ಆಗುವವರೆಗೆ ಬೂಸ್ಟರ್ ಬಿಡಿಸಬೇಡಿ.

ಎಂಥಾ ಕೂಸಿಗೆ ಎಂಥಾ ಸೀಟು? ಹೆಸರು ಕೇಳಿದ್ರ ತಲಿ ತಿರಗತೈತಿ.

ಮೂರೇ ಬಗೆ ಎಂದು ನೆನಪಿಡಿ. ಒಂದು, ಕೂಸಿನ ಮುಖ ಕಾರಿನ ಹಿಂಭಾಗಕ್ಕೆ ಇರುವ ಹಿಂಮುಖ ಸೀಟು. ಎರಡು, ಐದು ಕಡೆ ಪಟ್ಟಿ ಇರುವ ಮುಮ್ಮುಖ ಸೀಟು. ಮೂರು, ಮಗುವನ್ನು ಎತ್ತರಿಸಿ ಕಾರಿನ ಬೆಲ್ಟನ್ನೇ ಸರಿಯಾದ ಜಾಗಕ್ಕೆ ತರುವ ಬೂಸ್ಟರ್. ಮೊದಲೆರಡೂ ಒಂದರಲ್ಲೇ ಇರುವ ಸೀಟಿಗೆ ಕನ್ವರ್ಟಿಬಲ್ ಎನ್ನುತ್ತಾರೆ.

ಬಾಡಿಗೆ ಕಂಪನಿಗಳ ಪಟ್ಟಿಯಲ್ಲಿ ವಯಸ್ಸು ಬರೆದಿರುತ್ತದೆ, ಆದರೆ ಸೀಟು ಕೂಡುವುದು ತೂಕ ಮತ್ತು ಎತ್ತರಕ್ಕೆ. ಹೊರಡುವ ವಾರ ಅಂಗನವಾಡಿಯಲ್ಲೋ ಮಕ್ಕಳ ಡಾಕ್ಟರ ಹತ್ತಿರವೋ ತೂಕ, ಎತ್ತರ ಅಳೆಸಿ. ತಾಯಿ ಕಾರ್ಡಿನ ಹಳೆಯ ಅಂಕಿ ನಂಬಬೇಡಿ. ಅಮೆರಿಕಕ್ಕಾದರೆ ಪೌಂಡ್, ಇಂಚಿಗೆ ತಿರುಗಿಸಿ ಬರೆದಿಟ್ಟುಕೊಳ್ಳಿ: ಕೆ.ಜಿ.ಯನ್ನು 2.2ರಿಂದ ಗುಣಿಸಿ, ಸೆಂ.ಮೀ.ಯನ್ನು 2.54ರಿಂದ ಭಾಗಿಸಿ. 9 ಕೆ.ಜಿ. ಅಂದರೆ 20 ಪೌಂಡ್, 18 ಕೆ.ಜಿ. ಅಂದರೆ 40 ಪೌಂಡ್.

ಕೂಸಿನ ಮುಖ ಹಿಂದಕ ಯಾಕ ಇರಬೇಕು? ಕಾಲು ಮಡಚಿಕೊಂಡು ಒದ್ದಾಡತೈತಿ.

ಸಣ್ಣ ಕೂಸಿನ ತಲೆ ಮೈಯ ಉದ್ದದ ಕಾಲು ಭಾಗದಷ್ಟಿರುತ್ತದೆ, ಕುತ್ತಿಗೆಯ ಎಲುಬು ಇನ್ನೂ ಅರ್ಧ ಮೃದ್ವಸ್ಥಿ. ಎದುರಿನಿಂದ ಡಿಕ್ಕಿಯಾದಾಗ ಮುಮ್ಮುಖ ಸೀಟಿನಲ್ಲಿ ಪಟ್ಟಿ ಮೈಯನ್ನು ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಜಿಗಿದು ಕುತ್ತಿಗೆಯ ನರಕ್ಕೆ ಪೆಟ್ಟಾಗುತ್ತದೆ. ಹಿಂಮುಖವಾಗಿದ್ದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒರಗುತ್ತವೆ. ಯುರೋಪಿನ ಹೊಸ ನಿಯಮ ಕನಿಷ್ಠ 15 ತಿಂಗಳವರೆಗೆ ಹಿಂಮುಖ ಇರಲೇಬೇಕು ಎನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಆ ಸೀಟಿನ ತೂಕ, ಎತ್ತರದ ಮಿತಿ ಮುಟ್ಟುವವರೆಗೂ ಹಿಂಮುಖವಾಗಿಯೇ ಇರಲಿ ಎನ್ನುತ್ತದೆ. ಕಾಲು ಮಡಚಿಕೊಂಡರೆ ಏನೂ ಆಗುವುದಿಲ್ಲ, ಚಕ್ಕಳಮಕ್ಕಳ ಹಾಕಿ ಕೂರುವುದು ಮಕ್ಕಳಿಗೆ ಸಲೀಸು.

ನಮ್ಮ ಕಡೆ ಕೂಸುಗಳು ವರ್ಷ ತುಂಬುವಾಗ ಹೆಚ್ಚಾಗಿ 9 ಕೆ.ಜಿ. ಆಸುಪಾಸಿನಲ್ಲಿರುತ್ತವೆ. ಹಳೆಯ ಯುರೋಪಿಯನ್ ಸೀಟುಗಳ ಮೇಲೆ 9 ಕೆ.ಜಿ. ಆದ ಮೇಲೆ ಮುಮ್ಮುಖ ಎಂದು ಬರೆದಿರುತ್ತದೆ. ಅದು ಅನುಮತಿ ಮಾತ್ರ. ತಿರುಗಿಸಲು ಅವಸರ ಮಾಡಬೇಡಿ.

ಮುಂದಿನ ಸೀಟಿನ್ಯಾಗ, ನಮ್ಮ ಕಣ್ಣ ಮುಂದ ಇಟ್ಕೊಂಡ್ರ?

ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಂಮುಖ ಸೀಟು ಎಂದಿಗೂ ಬೇಡ. ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ನೇರವಾಗಿ ಕೂಸಿನ ತಲೆಯ ಹಿಂದಿರುವ, ಸೀಟಿನ ಪ್ಲಾಸ್ಟಿಕ್ ಚಿಪ್ಪಿಗೆ ಬಡಿಯುತ್ತದೆ. ಯುರೋಪಿನಲ್ಲಿ ಇದು ಅಪರಾಧವೂ ಹೌದು. ಸನ್‌ವೈಸರ್ ಮೇಲಿನ ಚಿತ್ರ ಹೇಳುವುದು ಇದನ್ನೇ.

## ಒಯ್ಯುವುದು, ಬಾಡಿಗೆ, ಕೊಳ್ಳುವುದು

ಇಲ್ಲಿಂದ ಸೀಟು ಒಯ್ಯೂದೋ, ಅಲ್ಲೇ ಬಾಡಿಗಿ ತಗೊಳ್ಳೂದೋ, ಅಲ್ಲಿ ಹೊಸಾದು ಕೊಳ್ಳೂದೋ?

ನಮ್ಮ ಅಭಿಪ್ರಾಯ ಸ್ಪಷ್ಟ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾಕ್ಕೆ ಹತ್ತು ದಿನಕ್ಕಿಂತ ಹೆಚ್ಚು ಹೋಗುತ್ತಿದ್ದರೆ ಅಲ್ಲಿಯೇ ಹೊಸದನ್ನು ಕೊಳ್ಳಿ. ಅಮೆರಿಕದಲ್ಲಿ ಬಾಡಿಗೆ ಸಾಮಾನ್ಯವಾಗಿ ದಿನಕ್ಕೆ 10ರಿಂದ 15 ಡಾಲರ್. ಸರಳ ಕನ್ವರ್ಟಿಬಲ್ ಸೀಟಿನ ಬೆಲೆಯನ್ನು ಈ ಬಾಡಿಗೆ ಬೇಗ ಮುಟ್ಟುತ್ತದೆ. ಅಲ್ಲಿ ಮಗನೋ ಮಗಳೋ ಇದ್ದರೆ ಮೊದಲೇ ತರಿಸಿ, ಏರ್‌ಪೋರ್ಟಿಗೆ ತರಲು ಹೇಳಿ. ಹೊಸ ಸೀಟಿಗೆ ಡಿಕ್ಕಿಯ ಇತಿಹಾಸ ಇರುವುದಿಲ್ಲ, ಕೈಪಿಡಿ ಇರುತ್ತದೆ. ದುಡ್ಡಿಗಿಂತ ಇದೇ ದೊಡ್ಡದು.

ಯುರೋಪ್, ಬ್ರಿಟನ್‌ಗಾದರೆ ಯುರೋಪಿಯನ್ ಮುದ್ರೆ ಇರುವ ನಿಮ್ಮದೇ ಸೀಟನ್ನು ಒಯ್ಯುವುದು ಒಳ್ಳೆಯದು. ಅದನ್ನು ಬಿಗಿಯಲು ನಿಮ್ಮ ಕೈ ಪಳಗಿರುತ್ತದೆ, ಕೂಸಿಗೂ ರೂಢಿ ಇರುತ್ತದೆ. ಮೂರ್ನಾಲ್ಕು ದಿನದ ದುಬೈ ಪ್ರವಾಸಕ್ಕೆ ಬಾಡಿಗೆಯೇ ಅನುಕೂಲ. ಬೂಸ್ಟರ್ ವಯಸ್ಸಿನ ಮಗುವಾದರೆ ಚರ್ಚೆಯೇ ಬೇಡ: ಹಗುರ, ಒಯ್ಯಿರಿ, ಆದರೆ ಆ ದೇಶದಲ್ಲಿ ನಡೆಯುವ ಮುದ್ರೆ ಇರಲಿ.

ಬೆಳಗಾವ್ಯಾಗ ಕೊಂಡ ಸೀಟು ಅಮೆರಿಕಾದಾಗ ನಡಿತೈತೇನು?

ನಡೆಯುವುದಿಲ್ಲ. ಸೀಟಿನ ಹಿಂದೆ ಅಥವಾ ಅಡಿಯಲ್ಲಿರುವ ಚೀಟಿ ನೋಡಿ. ಭಾರತದಲ್ಲಿ ಮಾರುವ ಅನೇಕ ಸೀಟುಗಳ ಮೇಲೆ ಕಿತ್ತಳೆ ಬಣ್ಣದ ಚೀಟಿ, ವೃತ್ತದೊಳಗೆ ಇಂಗ್ಲಿಷಿನ ದೊಡ್ಡ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಇದು ಯುರೋಪಿನ ಒಪ್ಪಿಗೆ. ಅದರಲ್ಲಿ ‘ಆರ್44’ ಎಂದಿದ್ದರೆ ಒಪ್ಪಿಗೆ ಸಂಖ್ಯೆ 03 ಅಥವಾ 04ರಿಂದ ಶುರುವಾಗಬೇಕು. 01, 02 ಇದ್ದರೆ ತೀರ ಹಳೆಯದು, ಯುರೋಪಿನಲ್ಲೂ ನಿಷಿದ್ಧ. ಹೊಸದು ‘ಆರ್129’, ಜನ ಐ-ಸೈಜ್ ಎನ್ನುವುದು ಇದೇ ನಿಯಮದ ಸೀಟಿಗೆ. ಅದು ತೂಕದ ಬದಲು ಎತ್ತರದ ಲೆಕ್ಕದಲ್ಲಿರುತ್ತದೆ. ಯುರೋಪಿನ ಒಕ್ಕೂಟದಲ್ಲಿ ಆರ್44 ಸೀಟುಗಳ ಹೊಸ ಮಾರಾಟ 2024ರ ಸೆಪ್ಟೆಂಬರ್ 1ಕ್ಕೆ ನಿಂತಿದೆ, ಆದರೆ ಇದ್ದದ್ದನ್ನು ಬಳಸಲು ಅಡ್ಡಿಯಿಲ್ಲ.

ಅಮೆರಿಕದಲ್ಲಿ ಅಲ್ಲಿನ ಫೆಡರಲ್ ಮೋಟಾರ್ ವಾಹನ ಸುರಕ್ಷತಾ ಮಾನದಂಡಕ್ಕೆ ಒಪ್ಪುತ್ತದೆ ಎಂಬ ವಾಕ್ಯವಿರುವ ಚೀಟಿಯೇ ಬೇಕು. ಕೆನಡಾದಲ್ಲಿ ಮೇಪಲ್ ಎಲೆಯ ರಾಷ್ಟ್ರೀಯ ಸುರಕ್ಷತಾ ಮುದ್ರೆ. ಆಸ್ಟ್ರೇಲಿಯಾದಲ್ಲಿ ಎಎಸ್/ಎನ್‌ಝಡ್‌ಎಸ್ 1754. ಇವು ಬರೀ ಕಾಗದದ ತಕರಾರಲ್ಲ. ಅಮೆರಿಕದ ಸೀಟಿಗೆ ಎದೆಯ ಕ್ಲಿಪ್ ಇರುತ್ತದೆ, ಯುರೋಪಿನದಕ್ಕೆ ಇರುವುದಿಲ್ಲ. ಆಸ್ಟ್ರೇಲಿಯಾದ ಹಾರ್ನೆಸ್ ಸೀಟಿಗೆ ಮೇಲಿನ ಪಟ್ಟಿ (ಸೀಟಿನ ತಲೆಭಾಗವನ್ನು ಹಿಂದಕ್ಕೆ ಕಾರಿಗೆ ಕಟ್ಟುವುದು) ಕಡ್ಡಾಯ. ಬೆಲ್ಟ್ ಲಾಕ್ ಆಗುವ ಬಗೆಯೂ ಬೇರೆ. ಅಲ್ಲಿನ ಕಾರಿಗೆ ಅಲ್ಲಿನ ಸೀಟೇ ಕೂಡುತ್ತದೆ.

ಸೀಟ್ ಬುಕ್ ಮಾಡೇವಿ, ಅಲ್ಲಿ ಹೋದ ಮ್ಯಾಲ ‘ಇಲ್ಲ’ ಅಂದ್ರ?

ಅದು ಆಗುವಂಥದ್ದೇ. ಹೆಚ್ಚಿನ ಕಂಪನಿಗಳಲ್ಲಿ ಸೀಟು ‘ವಿನಂತಿಯ ಮೇರೆಗೆ’ ಅಷ್ಟೇ. ಕಾರು ಖಾತ್ರಿ, ಸೀಟು ಖಾತ್ರಿಯಲ್ಲ. ಎರಡು ದಿನ ಮೊದಲು ಕಾಲ್ ಸೆಂಟರಿಗಲ್ಲ, ಕಾರು ಸಿಗುವ ಆ ಶಾಖೆಗೇ ಫೋನ್ ಮಾಡಿ. ಮಗುವಿನ ತೂಕ, ಎತ್ತರ, ಬೇಕಾದ ಬಗೆ, ಎಷ್ಟು ಸೀಟು, ವಿಮಾನ ಇಳಿಯುವ ಸಮಯ ಹೇಳಿ, ಇಮೇಲಿನಲ್ಲಿ ಉತ್ತರ ತರಿಸಿಕೊಳ್ಳಿ. ರಾತ್ರಿ ಹನ್ನೊಂದರ ಮೇಲೆ ಇಳಿಯುವವರಿಗೆ ಉಳಿದ ಒಂದೇ ಒಂದು ಸೀಟು, ಅದೂ ಹೊಂದದ್ದು, ಸಿಗುವ ಸಾಧ್ಯತೆ ಜಾಸ್ತಿ. ಸೀಟು ಸಿಗದಿದ್ದರೆ ಕಾರು ಹತ್ತಬೇಡಿ. ರೈಲು, ಬಸ್ಸಿನಲ್ಲಿ ವಸತಿಗೆ ಹೋಗಿ, ಬೆಳಿಗ್ಗೆ ಸೀಟು ಕೊಂಡು ಕಾರು ತೆಗೆದುಕೊಳ್ಳಿ.

ವಿಮಾನದಾಗ ಸೀಟು ಒಯ್ಯೂದು ಹ್ಯಾಂಗ? ರೊಕ್ಕ ಜಾಸ್ತಿ ಕೇಳ್ತಾರೇನು?

ಮಗು ಜೊತೆಗಿದ್ದರೆ ಬಹಳಷ್ಟು ವಿಮಾನಯಾನ ಕಂಪನಿಗಳು ಒಂದು ಕಾರ್ ಸೀಟನ್ನು ಪುಕ್ಕಟೆ ಒಯ್ಯುತ್ತವೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೋ ಮುಂಬೈಗೋ ಒಂದು ಟಿಕೆಟ್, ಅಲ್ಲಿಂದ ಪರದೇಶಕ್ಕೆ ಬೇರೆ ಟಿಕೆಟ್ ಇದ್ದರೆ ಎರಡೂ ಕಂಪನಿಗಳ ನಿಯಮ ನೋಡಬೇಕು. ಲಗೇಜಿಗೆ ಹಾಕುವುದಾದರೆ ಬಂದ ಖೋಕಾದಲ್ಲೇ ಹಾಕಿ, ಇಲ್ಲದಿದ್ದರೆ ದಪ್ಪ ಚೀಲದಲ್ಲಿ. ಪಟ್ಟಿಗಳನ್ನು ಒಳಗೆ ಕಟ್ಟಿ. ನೇತಾಡುವ ಪಟ್ಟಿ ಲಗೇಜು ಸಾಗಿಸುವ ಬೆಲ್ಟಿನ ಯಂತ್ರದಲ್ಲಿ ಸಿಕ್ಕು ಹರಿಯುತ್ತದೆ. ಇಳಿದ ಕೂಡಲೇ ಚಿಪ್ಪಿನಲ್ಲಿ ಬಿರುಕು, ಬಿಳಿ ಗೆರೆ ಇದೆಯೇ ನೋಡಿ.

ಕೂಸಿಗೆ ಬೇರೆ ಟಿಕೆಟ್ ತೆಗೆದಿದ್ದರೆ ಸೀಟನ್ನು ವಿಮಾನದೊಳಗೇ ಬಳಸಬಹುದು, ಚೀಟಿಯಲ್ಲಿ ವಿಮಾನಕ್ಕೂ ಒಪ್ಪಿಗೆ ಎಂದಿರಬೇಕು. ಬೂಸ್ಟರ್ ವಿಮಾನದಲ್ಲಿ ಬಳಸಲು ಬರುವುದಿಲ್ಲ. ವಿಮಾನಕ್ಕೆಂದೇ ಸಿಗುವ ಪಟ್ಟಿಯ ಹಾರ್ನೆಸ್‌ಗಳನ್ನು ಕಾರಿನಲ್ಲಿ ಬಳಸಬಾರದು.

ಇಲ್ಲಿಂದ ಮುಂಬೈ, ಗೋವಾ ಏರ್‌ಪೋರ್ಟಿನ ತನಕ ಟ್ಯಾಕ್ಸ್ಯಾಗ ಹೋಗ್ತೀವಿ. ಅಲ್ಲಿ ತನಕ ಸೀಟು ಬೇಕೇನು?

ಬೇಕು. ಪ್ರಯಾಣದ ಅತಿ ಅಪಾಯದ ತುಂಡು ಬಹುಶಃ ಅದೇ: ರಾತ್ರಿ ಹೆದ್ದಾರಿ, ನಿದ್ದೆಗಣ್ಣಿನ ಚಾಲಕರು, ಚೋರ್ಲಾ ಘಾಟಿನ ತಿರುವು. ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 1,000 ರೂಪಾಯಿ ದಂಡವೂ ಇದೆ. ನಮ್ಮ ಟ್ಯಾಕ್ಸಿಗಳಲ್ಲಿ ಹಿಂದಿನ ಬೆಲ್ಟಿನ ಬಕಲ್‌ಗಳು ಸೀಟ್ ಕವರಿನ ಅಡಿ ಹೂತುಹೋಗಿರುತ್ತವೆ. ಹಿಂದಿನ ದಿನವೇ ಚಾಲಕರಿಗೆ ಹೇಳಿ ಹೊರಗೆ ತೆಗೆಸಿ. ಭುಜದ ಮೇಲೂ ಹಾಯುವ ಮೂರು ಬಿಂದುವಿನ ಬೆಲ್ಟ್ ಇರುವ ಜಾಗದಲ್ಲೇ ಸೀಟು ಬಿಗಿಯಿರಿ. ಹಳೆಯ ಗಾಡಿಗಳ ನಡುವಿನ ಜಾಗಕ್ಕೆ ಸೊಂಟದ ಬೆಲ್ಟ್ ಮಾತ್ರ ಇರುತ್ತದೆ.

## ಕೌಂಟರಿನಲ್ಲಿ, ಪಾರ್ಕಿಂಗಿನಲ್ಲಿ

ಸೀಟು ಕೈಗೆ ಕೊಟ್ಟಾಗ ಏನೇನ್ ನೋಡಬೇಕು?

ಮೊದಲು ಚೀಟಿ: ಆ ದೇಶದ ಮುದ್ರೆ, ತೂಕ-ಎತ್ತರದ ಮಿತಿ, ತಯಾರಾದ ದಿನಾಂಕ. ಅಮೆರಿಕದ ಸೀಟುಗಳ ಮೇಲೆ ಅವಧಿ ಮುಗಿಯುವ ದಿನವೂ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 6ರಿಂದ 10 ವರ್ಷ. ಪ್ಲಾಸ್ಟಿಕ್ಕು ಬಿಸಿಲು-ಚಳಿಗೆ ಪೆಡಸಾಗುವುದರಿಂದ ಈ ಮಿತಿ. ಚೀಟಿ ಕಿತ್ತುಹೋಗಿದ್ದರೆ ಬೇಡ ಅನ್ನಿ.

ಆಮೇಲೆ ಬಟ್ಟೆ ಎತ್ತಿ ಚಿಪ್ಪನ್ನು ಸುತ್ತಲೂ ಕೈಯಾಡಿಸಿ: ಬಿರುಕು, ಒಡೆದ ಥರ್ಮೋಕೋಲ್, ಕಾಣೆಯಾದ ತುಂಡು. ಪಟ್ಟಿಗಳಲ್ಲಿ ನೂಲು ಬಿಚ್ಚಿದೆಯೇ, ತಿರುಚಿದೆಯೇ? ಬಕಲ್ ‘ಟಕ್’ ಎಂದು ಕೂಡಿ, ಎಳೆದರೆ ಬಿಡದೆ, ಗುಂಡಿ ಒತ್ತಿದರೆ ಮಾತ್ರ ಬಿಡಬೇಕು. ಹಿಂದಿನ ಮಗುವಿನ ಬಿಸ್ಕತ್ತಿನ ಪುಡಿ ಬಕಲಿನಲ್ಲಿ ಸಿಕ್ಕಿಕೊಂಡು ಅರ್ಧ ಮಾತ್ರ ಕೂಡುವುದು ಬಾಡಿಗೆ ಸೀಟಿನ ಮಾಮೂಲಿ ದೋಷ. ಮುಂದಿನ ಪಟ್ಟಿ ಎಳೆದರೆ ಹಾರ್ನೆಸ್ ಬಿಗಿಯಾಗಬೇಕು. ಮೇಲಿನ ಪಟ್ಟಿ, ಕೆಳಗಿನ ಕೊಂಡಿಗಳು ಇವೆಯೇ? ಒಂದು ತಪ್ಪಿದರೂ ಬೇರೆ ಸೀಟು ಕೇಳಿ. ಮೂರನೆಯದನ್ನು ತರಿಸಲೂ ಸಂಕೋಚ ಬೇಡ.

ಕೊನೆಗೆ ಮಾದರಿಯ ಹೆಸರು, ಸಂಖ್ಯೆ ಫೋಟೋ ತೆಗೆದು, ಏರ್‌ಪೋರ್ಟಿನ ವೈಫೈ ಇರುವಾಗಲೇ ಕೈಪಿಡಿಯನ್ನು ಫೋನಿಗೆ ಇಳಿಸಿಕೊಳ್ಳಿ.

ಅವ್ರೇ ಕೂಡ್ರಿಸಿ ಕೊಡಂಗಿಲ್ಲೇನು?

ಹೆಚ್ಚಿನ ಕಡೆ ಇಲ್ಲ. ತಪ್ಪಾದರೆ ಹೊಣೆ ಬರುತ್ತದೆಂದು ಸಿಬ್ಬಂದಿ ಮುಟ್ಟುವುದೇ ಇಲ್ಲ. ಅದಕ್ಕೇ ಹೊರಡುವ ಮೊದಲು ಇಲ್ಲಿಯೇ ಕಲಿತಿರಬೇಕು ಎನ್ನುವುದು. ಐಸೋಫಿಕ್ಸ್ (ಚೈಲ್ಡ್ ಸೀಟ್ ಸಿಗಿಸಲು ಕಾರಿನಲ್ಲೇ ಇರುವ ಉಕ್ಕಿನ ಕೊಂಡಿ) ಇರುವ ಬಳಗದವರ ಕಾರು ಕೇಳಿಕೊಂಡು, ಒಂದು ಸೀಟನ್ನು ಕೊಂಡಿಯಿಂದಲೂ ಬೆಲ್ಟಿನಿಂದಲೂ ನಾಲ್ಕಾರು ಸಲ ಹಾಕಿ ತೆಗೆಯಿರಿ. ಬಾಗಲಕೋಟೆಯಿಂದ ಬಾದಾಮಿಗೋ ವಿಜಯಪುರದಿಂದ ಆಲಮಟ್ಟಿಗೋ ಕೂಸನ್ನು ಕೂರಿಸಿ ಒಯ್ದು ನೋಡಿ, ಅದಕ್ಕೂ ರೂಢಿಯಾಗುತ್ತದೆ. ಅಮೆರಿಕದಲ್ಲಿ ತರಬೇತಾದ ಚೈಲ್ಡ್ ಸೀಟ್ ತಂತ್ರಜ್ಞರು ಅನೇಕ ಊರುಗಳಲ್ಲಿ, ಕೆಲವು ಅಗ್ನಿಶಾಮಕ ಠಾಣೆಗಳಲ್ಲೂ, ಪರೀಕ್ಷಿಸಿ ಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಅಧಿಕೃತ ಅಳವಡಿಕೆ ಕೇಂದ್ರಗಳಿವೆ. ಮೊದಲೇ ವೇಳೆ ಗೊತ್ತುಮಾಡಿಕೊಳ್ಳಿ.

ಐಸೋಫಿಕ್ಸ್ ಅಂತಾರ, ಲ್ಯಾಚ್ ಅಂತಾರ. ಎರಡೂ ಒಂದೇನ?

ಯುರೋಪಿನಲ್ಲಿ ಐಸೋಫಿಕ್ಸ್, ಅಮೆರಿಕದಲ್ಲಿ ಲ್ಯಾಚ್ ಎನ್ನುತ್ತಾರೆ. ಕಾರಿನ ಕೆಳಗಿನ ಉಕ್ಕಿನ ಕೊಂಡಿಗಳು ಒಂದೇ: ಕಾರಿನ ಸೀಟಿನ ಬೆನ್ನು ಮತ್ತು ಕೂರುವ ಭಾಗದ ಸಂದಿಯಲ್ಲಿ, ನಡುವೆ 280 ಮಿ.ಮೀ. ಅಂತರ. ಯುರೋಪಿನ ಸೀಟಿಗೆ ಗಟ್ಟಿ ಕಬ್ಬಿಣದ ತೋಳುಗಳಿರುತ್ತವೆ. ಎರಡೂ ಕಡೆ ‘ಟಕ್’ ಎಂದು ಕೂಡಿ ಕೆಂಪು ಗುರುತು ಹಸಿರಾಗಬೇಕು. ಒಂದು ಹಸಿರು, ಒಂದು ಕೆಂಪು ಇದ್ದರೆ ಕೂಡಿಲ್ಲ. ಅಮೆರಿಕದ ಸೀಟಿಗೆ ಹೆಚ್ಚಾಗಿ ಪಟ್ಟಿಗೆ ಕಟ್ಟಿದ ಕೊಕ್ಕೆ ಇರುತ್ತದೆ, ಮೊಣಕಾಲೂರಿ ಭಾರ ಹಾಕಿ ಪಟ್ಟಿ ಎಳೆಯಬೇಕು. ಅಲ್ಲಿ 2002ರ ಸೆಪ್ಟೆಂಬರ್ ನಂತರ ತಯಾರಾದ ಕಾರುಗಳಲ್ಲಿ ಈ ಕೊಂಡಿ ಇದ್ದೇ ಇರುತ್ತದೆ.

ಅಮೆರಿಕದಲ್ಲಿ ಕೆಳಗಿನ ಕೊಂಡಿಗೆ ಮಗು, ಸೀಟು ಸೇರಿ 65 ಪೌಂಡ್, ಅಂದರೆ ಸುಮಾರು 29.5 ಕೆ.ಜಿ. ಮಿತಿ. ಮಗುವಿನ ತೂಕ ಎಷ್ಟಕ್ಕೆ ಕೊಂಡಿ ಬಿಡಬೇಕು ಎಂದು ಸೀಟಿನ ಮೇಲೇ ಬರೆದಿರುತ್ತದೆ, ಆಮೇಲೆ ಬೆಲ್ಟಿನಿಂದ ಬಿಗಿಯಬೇಕು. ಕೈಪಿಡಿ ಹೇಳದ ಹೊರತು ಕೊಂಡಿ, ಬೆಲ್ಟ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ಬಲಕ್ಕೆ ಬಲ ಸೇರುವ ಬದಲು ಎರಡೂ ಬೇರೆ ಬೇರೆ ಕಡೆ ಎಳೆಯುತ್ತವೆ.

ಬೆಲ್ಟಿನಿಂದ ಬಿಗದ್ರೂ ಸೀಟು ಅಲ್ಲಾಡತೈತಿ. ಏನ್ ತಪ್ಪಾಗೇತಿ?

ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಯಾವ ಕಡೆಗೂ 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ತಲೆಯ ಕಡೆ ಹಿಡಿದು ಅಲ್ಲಾಡಿಸಿ ಹೆದರಬೇಡಿ, ಹಿಂಮುಖ ಸೀಟಿನ ಆ ಭಾಗ ಸ್ವಲ್ಪ ಆಡುತ್ತದೆ.

ಕಾರಣಗಳು ಮುಖ್ಯವಾಗಿ ನಾಲ್ಕು. ಒಂದು, ಬೆಲ್ಟ್ ಲಾಕ್ ಆಗಿಲ್ಲ. ಅಮೆರಿಕದಲ್ಲಿ 1996ರ ನಂತರದ ಕಾರುಗಳಲ್ಲಿ ಹೆಚ್ಚಾಗಿ ಬೆಲ್ಟನ್ನು ಕೊನೆಯವರೆಗೆ ಪೂರ್ತಿ ಹೊರಗೆಳೆದು ಬಿಟ್ಟರೆ ‘ಟಿಕ್ ಟಿಕ್’ ಸದ್ದಿನೊಂದಿಗೆ ಒಳಹೋಗಿ ಲಾಕ್ ಆಗುತ್ತದೆ. ಯುರೋಪಿನ ಕಾರುಗಳಲ್ಲಿ ಸಾಮಾನ್ಯವಾಗಿ ಈ ಸೌಕರ್ಯ ಇಲ್ಲ, ಅಲ್ಲಿ ಸೀಟಿನಲ್ಲೇ ಬೆಲ್ಟ್ ಕಚ್ಚುವ ಕ್ಲಾಂಪ್ ಇರುತ್ತದೆ, ಅದನ್ನು ಮುಚ್ಚಬೇಕು. ಎರಡು, ಬೆಲ್ಟ್ ತಪ್ಪು ದಾರಿಯಲ್ಲಿ ಹಾಯ್ದಿದೆ. ಆರ್44 ಸೀಟಿನಲ್ಲಿ ನೀಲಿ ಗುರುತು ಹಿಂಮುಖಕ್ಕೆ, ಕೆಂಪು ಗುರುತು ಮುಮ್ಮುಖಕ್ಕೆ. ಮೂರು, ಕಾರಿನ ಬಕಲಿನ ಕಾಂಡ ಉದ್ದವಾಗಿ ಸೀಟಿನ ಅಂಚಿನ ಮೇಲೆ ಬಂದು ಕೂತಿದೆ. ಇದು ಬಿಗಿಯಾದಂತೆ ಕಂಡರೂ ಡಿಕ್ಕಿಯಲ್ಲಿ ಬಕಲ್ ಮುರಿಯಬಹುದು, ಜಾಗ ಬದಲಿಸಿ. ನಾಲ್ಕು, ಭಾರ ಹಾಕದೆ ಬರೀ ಕೈಯಿಂದ ಎಳೆದಿದ್ದೀರಿ. ಒಬ್ಬರು ಸೀಟನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬಕಲಿನ ಹತ್ತಿರದಿಂದ ಬೆಲ್ಟಿನ ಸಡಿಲವನ್ನು ಹಂತಹಂತವಾಗಿ ಎಳೆಯಬೇಕು.

ಕೆಲವು ಅಮೆರಿಕನ್ ಕಾರುಗಳ ಹಿಂದಿನ ಬೆಲ್ಟ್ ದಪ್ಪಗೆ, ಮೆತ್ತಗೆ ಇರುತ್ತದೆ, ಅಪಘಾತದಲ್ಲಿ ಉಬ್ಬುವ ಜಾತಿಯದು. ಅನೇಕ ಸೀಟುಗಳಿಗೆ ಅದು ಹೊಂದುವುದಿಲ್ಲ. ಕಂಡರೆ ಕಾರನ್ನೇ ಬದಲಿಸಿಕೊಳ್ಳಿ.

ಮ್ಯಾಲಿನ ಪಟ್ಟಿ ಎಲ್ಲಿಗೆ ಸಿಗಸೂದು? ಹಂಗ ಬಿಟ್ರ ನಡೀತೈತೇನು?

ಬಿಡಬೇಡಿ. ಮುಮ್ಮುಖ ಸೀಟಿನ ತಲೆ ಮುಂದಕ್ಕೆ ಜಿಗಿಯದಂತೆ ಹಿಡಿಯುವುದು ಈ ಟಾಪ್ ಟೆದರ್ ಪಟ್ಟಿ. ಬಾಡಿಗೆ ಕಾರುಗಳಲ್ಲಿ ಜನ ಮರೆಯುವುದೂ ಇದನ್ನೇ. ಸೆಡಾನ್‌ನಲ್ಲಿ ಕೊಂಡಿ ಹಿಂದಿನ ಗಾಜಿನ ಕೆಳಗಿನ ಹಲಗೆಯ ಮುಚ್ಚಳದಡಿ ಇರುತ್ತದೆ. ಹ್ಯಾಚ್‌ಬ್ಯಾಕ್, ಎಸ್‌ಯುವಿಯಲ್ಲಿ ಸೀಟಿನ ಬೆನ್ನಿಗೆ, ಹಿಂದೆ ಸಾಮಾನಿಡುವ ಜಾಗದ ನೆಲಕ್ಕೆ ಅಥವಾ ಛಾವಣಿಗೆ. ಲಂಗರಿನ ಚಿತ್ರ ಹುಡುಕಿ. ಆ ಜಾಗದಲ್ಲಿ ಸಾಮಾನು ಕಟ್ಟಲು ಇರುವ ಕೊಕ್ಕೆಗೆ ಸಿಗಿಸಿದರೆ ಅದು ಕಿತ್ತು ಬರುತ್ತದೆ.

ಯುರೋಪಿನ ಕೆಲವು ಸೀಟಿಗೆ ಪಟ್ಟಿಯ ಬದಲು ನೆಲಕ್ಕೆ ಊರುವ ಕಾಲು ಇರುತ್ತದೆ. ಅದು ನೆಲಕ್ಕೆ ಗಟ್ಟಿಯಾಗಿ ತಾಗಬೇಕು. ಕೆಲವು ಕಾರುಗಳ ನೆಲದಲ್ಲಿ ಸಾಮಾನಿಡುವ ಗುಪ್ತ ಡಬ್ಬಿ ಇರುತ್ತದೆ. ಅದರ ಮುಚ್ಚಳದ ಮೇಲೆ ಕಾಲು ಊರಿದರೆ ಕುಸಿಯುತ್ತದೆ. ಕಾರಿನ ಕೈಪಿಡಿ ನೋಡಿ, ಇಲ್ಲವೇ ಬೇರೆ ಜಾಗ ಆರಿಸಿ.

## ಕೂಸನ್ನು ಕೂರಿಸುವುದು

ಪಟ್ಟಿ ಎಷ್ಟು ಬಿಗಿ ಇರಬೇಕು? ಕೂಸಿಗೆ ನೋವಾಗತೈತಿ ಅಂತ ಆಯಿ ಸಡ್ಲ ಮಾಡ್ತಾರ.

ಭುಜದೆಲುಬಿನ ಹತ್ತಿರ ಪಟ್ಟಿಯನ್ನು ಎರಡು ಬೆರಳಿಂದ ಚಿವುಟಿ ನೋಡಿ. ಮಡಿಕೆ ಹಿಡಿಯಲು ಬಂದರೆ ಸಡಿಲ, ಬೆರಳು ಜಾರಿದರೆ ಸರಿ. ಹಿಂಮುಖದಲ್ಲಿ ಪಟ್ಟಿ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಕೆಳಗಿನಿಂದ ಬರಬೇಕು, ಮುಮ್ಮುಖದಲ್ಲಿ ಭುಜದ ಮಟ್ಟ ಅಥವಾ ಮೇಲಿನಿಂದ. ಎದೆಯ ಕ್ಲಿಪ್ ಇದ್ದರೆ ಕಂಕುಳಿನ ಮಟ್ಟದಲ್ಲಿರಲಿ, ಹೊಟ್ಟೆಯ ಮೇಲಲ್ಲ. ಆಯಿಗೆ ಈ ಚಿವುಟುವ ಪರೀಕ್ಷೆಯನ್ನು ಕೈ ಹಿಡಿದು ತೋರಿಸಿಕೊಡಿ. ಹಿರಿಯರು ಸಡಿಲ ಮಾಡುವುದು ಮಮತೆಯಿಂದ, ಕಾರಣ ತಿಳಿದರೆ ಅವರೇ ಮುಂದಾಗಿ ಬಿಗಿಯುತ್ತಾರೆ.

ಅಲ್ಲಿ ಭಾಳ ಥಂಡಿ. ಕುಂಚಿಗಿ, ಸ್ವೆಟರ್, ಕೌದಿ ಹಾಕೇ ಕೂಡ್ರಸಬೇಕಲ್ಲ?

ಹಾರ್ನೆಸ್‌ನ ಅಡಿಗೆ ದಪ್ಪ ಬಟ್ಟೆ ಬೇಡ. ಉಬ್ಬಿದ ಜಾಕೆಟಿನ ಮೇಲೆ ಬಿಗಿದ ಪಟ್ಟಿ ಡಿಕ್ಕಿಯಲ್ಲಿ ಜಾಕೆಟ್ ಚಪ್ಪಟೆಯಾದ ಕೂಡಲೇ ಸಡಿಲವಾಗುತ್ತದೆ, ಕೂಸು ಜಾರಿ ಹೊರಬರುತ್ತದೆ. ತೆಳು ಬಟ್ಟೆಯಲ್ಲಿ ಕೂರಿಸಿ, ಪಟ್ಟಿ ಬಿಗಿದು, ಅದರ ಮೇಲೆ ಕೌದಿ ಹೊದಿಸಿ. ಜಾಕೆಟನ್ನು ಹಿಂದುಮುಂದಾಗಿ ತೋಳಿಗೆ ಹಾಕಿದರೂ ಆದೀತು. ಕೂಸಿನ ಬೆನ್ನಡಿ ಮೆತ್ತಗಿರಲೆಂದು ಕೌದಿ, ದಿಂಬು ಹಾಕುವುದೂ ಇದೇ ತಪ್ಪು. ಸೀಟಿನ ಜೊತೆ ಬಂದ ಮೆತ್ತೆ ಮಾತ್ರ ಬಳಸಿ. ಕುಂಚಿಗೆಯ ಹಿಂದಿನ ಇಳಿಬಟ್ಟೆ ಕುತ್ತಿಗೆಯ ಹಿಂದೆ ಗಂಟಾಗಿ ತಲೆಯನ್ನು ಮುಂದಕ್ಕೆ ತಳ್ಳುತ್ತದೆ, ಕಾರಿನಲ್ಲಿ ತೆಗೆದಿಡಿ.

ಎರಡು ತಿಂಗಳದ ಕೂಸು ನಿದ್ದಿಯೊಳಗ ಕುತ್ತಿಗಿ ಮುಂದಕ ಚೆಲ್ಲತೈತಿ.

ಸೀಟು ತೀರ ನೆಟ್ಟಗಿದೆ. ಗದ್ದ ಎದೆಗೆ ತಾಗಿದರೆ ಎಳೆಗೂಸಿನ ಉಸಿರಿನ ದಾರಿ ಮುಚ್ಚಬಹುದು, ಇದನ್ನು ಹಗುರವಾಗಿ ಬಿಡಬೇಡಿ. ಸೀಟಿನ ಪಕ್ಕದಲ್ಲಿ ಓರೆ ಎಷ್ಟಿರಬೇಕೆಂದು ತೋರಿಸುವ ಗೆರೆ ಅಥವಾ ನೀರುಗುಳ್ಳೆ ನೋಡಿ ಸರಿಮಾಡಿ. ಅಮೆರಿಕದ ಅನೇಕ ಸೀಟುಗಳ ಕೈಪಿಡಿ ಮುಂದಿನ ಅಂಚಿನಡಿ ಸುರುಳಿ ಸುತ್ತಿದ ಟವೆಲ್ ಇಡಲು ಒಪ್ಪುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಕೂಸನ್ನು ಹೊರತೆಗೆದು ಅಂಗಾತ ಮಲಗಿಸಿ, ಹಾಲೂಡಿಸಿ. ಓಡುವ ಕಾರಿನಲ್ಲಿ ಎತ್ತಿಕೊಂಡು ಹಾಲು ಕೊಡುವುದು ಬೇಡ. ಹೋಟೆಲಿಗೆ ಬಂದ ಮೇಲೆ ಸೀಟಿನಲ್ಲೇ ಮಲಗಲು ಬಿಡಬೇಡಿ. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ಪ್ರಯಾಣಕ್ಕೆ ಮೊದಲೇ ವೈದ್ಯರನ್ನು ಕೇಳಿ.

ದುಬೈ ಬಿಸಲಾಗ ಕಾರು ನಿಲ್ಲಿಸಿ ಐದ್ ನಿಮಿಷ ಅಂಗಡಿಗೆ ಹೋದ್ರ?

ಕೂಸನ್ನು ಒಳಗೆ ಬಿಟ್ಟು ಒಂದು ನಿಮಿಷವೂ ಬೇಡ. ಮುಚ್ಚಿದ ಕಾರು ನಿಮಿಷಗಳಲ್ಲಿ ಕಾಯುತ್ತದೆ, ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಬಿಸಿಯೇರುತ್ತದೆ. ಮರಳಿ ಬಂದಾಗ ಬಕಲಿನ ಕಬ್ಬಿಣ ಮುಟ್ಟಿ ನೋಡಿ ಕೂರಿಸಿ, ಎಳೆ ಚರ್ಮಕ್ಕೆ ಬೊಬ್ಬೆ ಬರುತ್ತದೆ. ಇಟಲಿಯಲ್ಲಿ ನೋಂದಣಿಯಾದ ಕಾರಿಗೆ 4 ವರ್ಷದೊಳಗಿನ ಮಗುವನ್ನು ಮರೆತು ಹೋಗದಂತೆ ಎಚ್ಚರಿಸುವ ಸಾಧನ 2019ರಿಂದ ಕಡ್ಡಾಯ, ಅಲ್ಲಿ ಬಾಡಿಗೆಗೆ ತೆಗೆದುಕೊಳ್ಳುವಾಗ ಕೇಳಿ ಪಡೆಯಿರಿ.

## ಇನ್ನಷ್ಟು ಬಿಕ್ಕಟ್ಟಿನವು

ಮೂರು ಮಕ್ಕಳು ಅದಾವ. ಹಿಂದಿನ ಸೀಟಿನ್ಯಾಗ ಮೂರೂ ಕೂಡೂದಿಲ್ಲ.

ಮೂರು ಸೀಟು ಒಂದೇ ಸಾಲಿಗೆ ಸಾಮಾನ್ಯ ಸೆಡಾನಿನಲ್ಲಿ ಕೂಡುವುದು ಕಷ್ಟ. ನಡುವಿನ ಜಾಗಕ್ಕೆ ಕೊಂಡಿ ಇರುವುದೂ ಕಡಿಮೆ. ಪಕ್ಕದ ಎರಡು ಜಾಗಗಳ ಒಳಗಿನ ಕೊಂಡಿಗಳನ್ನು ಸೇರಿಸಿ ನಡುವೆ ಸಿಗಿಸುವುದನ್ನು ಕಾರು ಮತ್ತು ಸೀಟಿನ ಕೈಪಿಡಿಗಳು ಒಪ್ಪಿದರೆ ಮಾತ್ರ ಮಾಡಿ. ಏಳು ಆಸನದ ಗಾಡಿ ಬುಕ್ ಮಾಡಿ, ಆದರೆ ಮೂರನೆಯ ಸಾಲಿಗೆ ಟೆದರ್ ಕೊಂಡಿ ಇದೆಯೇ ಕೇಳಿ; ಬಹಳ ಗಾಡಿಗಳಲ್ಲಿ ಇರುವುದಿಲ್ಲ. ಬೂಸ್ಟರ್ ಮಗುವನ್ನು ಅಲ್ಲಿಗೆ ಕಳಿಸಿ, ಹಾರ್ನೆಸ್ ಮಕ್ಕಳನ್ನು ಎರಡನೆಯ ಸಾಲಿನಲ್ಲಿಡಿ. ಬ್ರಿಟನ್‌ನಲ್ಲಿ ಎರಡು ಸೀಟು ಹಾಕಿ ಮೂರನೆಯದಕ್ಕೆ ಜಾಗವೇ ಇಲ್ಲದಿದ್ದರೆ 3 ವರ್ಷ ಮೀರಿದ ಮಗು ಹಿಂದೆ ದೊಡ್ಡವರ ಬೆಲ್ಟ್ ಹಾಕಬಹುದು. ಅದು ಕಾನೂನಿನ ರಿಯಾಯಿತಿ, ಡಿಕ್ಕಿಯದಲ್ಲ.

ಬೂಸ್ಟರ್ ಸರಿ ಕೂಡೇತೋ ಇಲ್ಲೋ ಹ್ಯಾಂಗ ತಿಳೀಬೇಕು?

ಬೆಲ್ಟಿನ ಕೆಳಭಾಗ ತೊಡೆಯ ಮೇಲೆ, ಸೊಂಟದೆಲುಬಿಗೆ ತಾಗಿ ಇರಬೇಕು, ಹೊಟ್ಟೆಯ ಮೇಲಲ್ಲ. ಮೇಲ್ಭಾಗ ಭುಜದ ನಡುಮಧ್ಯ, ಕುತ್ತಿಗೆಯಿಂದಲೂ ತೋಳಿನಿಂದಲೂ ದೂರ. ಬೆಲ್ಟನ್ನು ಕಂಕುಳಡಿ ಅಥವಾ ಬೆನ್ನ ಹಿಂದೆ ಹಾಕಿಕೊಳ್ಳಲು ಬಿಡಬೇಡಿ. ಗಾಡಿಯಲ್ಲಿ ನಿದ್ದೆ ಹೋಗುವ ಮಗುವಿಗೆ ಬೆನ್ನು ಇರುವ ಬೂಸ್ಟರ್ ಒಳ್ಳೆಯದು, ಪಕ್ಕಕ್ಕೆ ಜೋಲಿದರೂ ಬೆಲ್ಟ್ ಜಾಗ ಬಿಡುವುದಿಲ್ಲ.

ದಂಡ ಬಿದ್ರ ಕಟ್ಟಾವ್ರು ಯಾರು, ಬಾಡಿಗಿ ಕಂಪನಿಯವ್ರೋ ನಾವೋ?

ಚಾಲಕರೇ. ಜರ್ಮನಿಯಲ್ಲಿ ಮಗುವಿಗೆ ಯಾವ ಭದ್ರತೆಯೂ ಇಲ್ಲದಿದ್ದರೆ 60 ಯೂರೋ, ಬ್ರಿಟನ್‌ನಲ್ಲಿ 500 ಪೌಂಡ್‌ವರೆಗೆ, ಯುಎಇಯಲ್ಲಿ 400 ದಿರ್ಹಮ್.

ಅಲ್ಲಿ ಕಾರಿಗೆ ಸಣ್ಣ ಡಿಕ್ಕಿ ಆತು. ಅದೇ ಸೀಟು ಮುಂದುವರಿಸಬಹುದೇನ್ರಿ?

ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಐದು ಮಾತು ಹೇಳುತ್ತದೆ: ಕಾರು ತಾನೇ ಓಡಿಕೊಂಡು ಹೋಗುವಂತಿರಬೇಕು, ಸೀಟಿನ ಹತ್ತಿರದ ಬಾಗಿಲಿಗೆ ಪೆಟ್ಟಾಗಿರಬಾರದು, ಒಳಗಿದ್ದ ಯಾರಿಗೂ ಗಾಯವಾಗಿರಬಾರದು, ಏರ್‌ಬ್ಯಾಗ್ ಬಿಚ್ಚಿರಬಾರದು, ಸೀಟಿನಲ್ಲಿ ಕಾಣುವ ಹಾನಿ ಇರಬಾರದು. ಐದೂ ಸರಿ ಇದ್ದರೆ ಮಾತ್ರ ಅದು ಸಣ್ಣ ಡಿಕ್ಕಿ. ಆಗಲೂ ಆ ಸೀಟಿನ ಕೈಪಿಡಿ ಬದಲಿಸಿ ಎಂದರೆ ಬದಲಿಸಲೇಬೇಕು. ಬಾಡಿಗೆ ಸೀಟಾದರೆ ಡಿಕ್ಕಿಯ ವಿಷಯವನ್ನು ಬರವಣಿಗೆಯಲ್ಲಿ ತಿಳಿಸಿ, ಬೇರೆ ಸೀಟು ಕೇಳಿ, ಹಳೆಯದರ ಮೇಲೆ ‘ಡಿಕ್ಕಿಯಾಗಿದೆ’ ಎಂದು ಅಲ್ಲಿನ ಭಾಷೆಯಲ್ಲಿ ಬರೆದ ಚೀಟಿ ಅಂಟಿಸಿ ಕೊಡಿ. ಅದನ್ನು ನಾಳೆ ಇನ್ನೊಬ್ಬರ ಕೂಸಿಗೆ ಕೊಡುವ ಸಾಧ್ಯತೆ ಇರುತ್ತದೆ.